ಪೀಪಿ ನಿಲ್ಲುತ್ತಿದ್ದ ಸಾಲು

ನಿನ್ನೆ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಂಡ್ ಕಾಕಾ ಕಣ್ಣ ಮುಂದೆ ಬಂದು ಕೂತರು. ರಾಯಚೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು. ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಅದಕ್ಕೆ ಅವರು ಅನ್ನುತ್ತಿದ್ದದ್ದು ಬರೀ 'ಪೀಪಿ'. ಮಾನ್ವಿಯಲ್ಲೋ ಸಿರವಾರದಲ್ಲೋ ಮದುವೆ ಮುಗಿಸಿ ಬಂದ ಮರುದಿನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ಅದನ್ನು ತಿಕ್ಕುವರು.

ಸಿಕಂದರಾಬಾದಿನಿಂದ ತಂದ ಹಳೆಯ ಕ್ಯಾಸೆಟ್ ಕೇಳಿ ಕೇಳಿ ಜಾಝ್ ಕಲಿತಿದ್ದರು. ಮದುವೆಯಲ್ಲಿ ಅದನ್ನು ಯಾರು ಕೇಳುತ್ತಾರೆ? ಅವರ ಕೈಗೆ ನಾನು ಸಿಕ್ಕೆ. ತವರು ಬಿಡುವ ಹುಡುಗಿಯ ಮೇಲೆ ಒಂದು ಕವಿತೆ ಬರೆದಿದ್ದೆ. ಒಂದು ಸಂಜೆ ಅವರ ಮುಂದೆ ಗಡಗಡ ಓದಿದೆ.

"ಬಸ್ ತಪ್ಪತದೇನವ್ವಾ?" ಎಂದು ನಕ್ಕರು. "ಪೀಪಿ ಮುಂದ ಹೋಗ್ಲಿ. ನೀ ಹಿಂದ ಸಾವಕಾಶ ಬಾ."

ಸಂಜೆ ಸಂಜೆ ಹಾಗೇ ನಡೆಯಿತು, ಅವರು ಜಾಝ್ ನುಡಿಸುವುದು, ನಾನು ಅದರ ಹಿಂದೆ ಓದುವುದು. ನನ್ನದೇ ಸಾಲುಗಳ ಒಳಗೆ ನನಗೇ ಗೊತ್ತಿಲ್ಲದ ದುಃಖ ಕೂತಿತ್ತೆಂದು ಆಗ ತಿಳಿಯಿತು. ಆದರೆ 'ಹೋಗಿ ಬಾ' ಎಂಬ ಕೊನೆಯ ಸಾಲು ಬಂತೆಂದರೆ ಪೀಪಿ ಗಪ್. ಒಂದು ದಿನ ನನಗೆ ಸಿಟ್ಟೇ ಬಂತು.

"ಅಲ್ರೀ ಕಾಕಾ, ಇಲ್ಲೇ ಯಾಕ ನಿಲ್ಲಸ್ತೀರಿ?"

ಕಾಕಾ ಪೀಪಿ ಒರೆಸತೊಡಗಿದರು. ಅವರ ಒಬ್ಬಳೇ ಮಗಳನ್ನು ದೇವದುರ್ಗಕ್ಕೆ ಕೊಟ್ಟದ್ದು, ವರ್ಷ ತುಂಬುವ ಮೊದಲೇ ಜ್ವರ ಬಂದು ಆಕೆ ತೀರಿಕೊಂಡದ್ದು ಓಣಿಗೆಲ್ಲ ಗೊತ್ತಿತ್ತು. ಬ್ಯಾಂಡಿನವರ ಮಗಳ ಮದುವೆಗೆ ಬೇರೆ ಬ್ಯಾಂಡ್ ತರಿಸುವುದುಂಟೇ? ಕಾಕಾನೇ ನುಡಿಸಿದ್ದರು. ಮದುಮಗಳ ಗಾಡಿ ತಿರುವು ದಾಟುವ ತನಕ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅಪಶಕುನ.

"ಗಾಡಿ ಹತ್ತೂ ಮುಂದ ಕಾಲಿಗೆ ಬಿದ್ಲು. ನನ್ನ ಬಾಯಾಗ ಪೀಪಿ ಇತ್ತು. ಹೋಗಿ ಬಾ ಅನ್ನಲಿಲ್ಲವ್ವಾ... ಬರ್ಲೇ ಇಲ್ಲ ನೋಡು."

ನಾನು ಕವಿತೆಯ ಹಾಳೆ ಮಡಚಿಟ್ಟೆ.

ಮುಂದೆ ಊರಿನ ಒಂದು ಸಣ್ಣ ಕವಿಗೋಷ್ಠಿಗೆ ಇಬ್ಬರೂ ಹೋದೆವು. ನಾನು ಓದಿದೆ, ಅವರು ನುಡಿಸಿದರು. ಕೊನೆಯ ಸಾಲಿಗೆ ನಾನು ಬೇಕಂತಲೇ ಸುಮ್ಮನೆ ನಿಂತೆ. ಕಾಕಾ ಪೀಪಿಯನ್ನು ಬಾಯಿಂದ ತೆಗೆದರು. ಬಾಗಿಲ ಕಡೆ ನೋಡಿದರು.

"ಹೋಗಿ ಬಾ, ನನ್ನವ್ವಾ."

ಜನ ಚಪ್ಪಾಳೆ ತಟ್ಟಿದರು. ಪಾಪ, ಅವರಿಗೇನು ಗೊತ್ತು?

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಪಕ್ಕದ ಕಟ್ಟೆ ಖಾಲಿ. ಈಗಲೂ ಯಾರಾದರೂ ಕರೆದರೆ ಆ ಕವಿತೆ ಓದುತ್ತೇನೆ. ಕೊನೆಯ ಸಾಲು ಬಂದಾಗ ಮಾತ್ರ ಬಾಗಿಲ ಕಡೆ ನೋಡಿ ನಿಂತುಬಿಡುತ್ತೇನೆ. ಮರೆತಳೆಂದು ಜನ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಬರೆದವಳು ನಾನಾದರೂ ಆ ಸಾಲು ಕಾಕಾ ಅವರದು... ಕಾಕಾ ಇಲ್ಲ.