ಸುಮ್ಮನೆ ಬಿದ್ದಿದ್ದ ತಂತಿ

ಓಡೈಪಟ್ಟಿಯ ಚಿನ್ನಸಾಮಿ ದೊಡ್ಡಪ್ಪನಿಗೆ ಯಾವುದೂ ಸುಮ್ಮನೆ ಬಿದ್ದಿರಬಾರದು. ಹರಿದ ಗೋಣಿಚೀಲ ಎಮ್ಮೆಯ ಬೆನ್ನಿಗೆ ಹೊದಿಕೆಯಾಗುತ್ತಿತ್ತು, ಮುರಿದ ಛತ್ರಿಯ ಕಡ್ಡಿ ಬಳ್ಳಿಗೆ ಆಸರೆಯಾಗುತ್ತಿತ್ತು. ಎದುರುಮನೆಯ ನಾನು ಜಗಲಿಯಲ್ಲಿ ತುಸು ಕಾಲು ಚಾಚಿದರೂ, "ಏನ್ ಮಾ, ಕೆಲ್ಸ ಇಲ್ವಾ?" ಎಂದು ಕೇಳಿಯೇ ಮುಂದೆ ಹೋಗುವನು. ದ್ರಾಕ್ಷಿ ಬೆಳೆಯುವುದರಲ್ಲಿ ಅವನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ಅದನ್ನು ನಾವು ಮರೆಯದ ಹಾಗೆ ಅವನೇ ನೋಡಿಕೊಳ್ಳುತ್ತಿದ್ದ.

೧೯೯೯ರಲ್ಲಿ ಅವನ ಸೊಸೆ ಅಭಿರಾಮಿ ಹಟ ಹಿಡಿದು ತೇನಿ ಪೇಟೆಯಿಂದ ಎರಡು ಕಂಪ್ಯೂಟರ್ ತರಿಸಿದಳು. ಒಂದು ಮನೆಯಲ್ಲಿ, ಇನ್ನೊಂದು ಅಂಗಳದಾಚೆ ಹಣ್ಣು ತುಂಬುವ ಶೆಡ್ಡಿನಲ್ಲಿ, ನಡುವೆ ಒಂದು ಕಪ್ಪು ಕೇಬಲ್. ಶೆಡ್ಡಿನಲ್ಲಿ ತೂಕ ಒತ್ತಿದರೆ ಮನೆಯಲ್ಲಿ ಬಿಲ್ಲು ಅಚ್ಚಾಗಬೇಕು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಕೊಯ್ಲಿನ ಹೊತ್ತಿಗೆ ಬಿಲ್ಲು ಬಸವನಹುಳುವಿನ ಹಾಗೆ ತೆವಳತೊಡಗಿತು. ಲಾರಿಯವರು ಹಾರ್ನ್ ಹೊಡೆಯುವರು, ಬುಟ್ಟಿಯಲ್ಲಿ ಹಣ್ಣು ಬೆವರುವುದು. ಅಭಿರಾಮಿ ಕೇಬಲ್ ಬದಲಿಸಿದಳು, ಮೆಷಿನ್ನಿನ ಒಳಗಿನ ಕಾರ್ಡ್ ಬದಲಿಸಿದಳು, ದಿನವೂ ಕೇಬಲ್ಲಿನ ಲೋಹದ ಮೂತಿ ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸಿದಳು. ಏನೂ ಆಗಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ದೊಡ್ಡಪ್ಪ ಎಲ್ಲರೆದುರು ಹಂಗಿಸಿದ. "ಈ ವಾರದೊಳ್ಗೆ ಸರಿಯಾಗ್ಲಿಲ್ಲಾಂದ್ರೆ ಎರಡು ಪೆಟ್ಟೀನೂ ತೇನಿಗೆ ವಾಪಸ್. ಮತ್ತೆ, ಹಣ್ಣಿರೋ ಜಾಗ್ದಲ್ಲಿ ಚೆಪ್ಪಲಿ ಬೇಡ ಅಂತ ಎಷ್ಟ್ ತಡವೆ, ಎಷ್ಟ್ ಸಲ ಹೇಳ್ಬೇಕು ನಿನ್ಗೆ?"

ಹಣ್ಣಿನ ರಾಶಿ ಇರುವಲ್ಲಿ ಚಪ್ಪಲಿ ಮೆಟ್ಟುವುದು ಆ ಮನೆಯಲ್ಲಿ ಪಾಪ. ಆದರೆ ಶೆಡ್ಡಿನ ಒದ್ದೆ ನೆಲದಿಂದ ಅಭಿರಾಮಿಗೆ ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗಿತ್ತು. ಬೈಸಿಕೊಂಡಳೇ ಹೊರತು ರಬ್ಬರ್ ಚಪ್ಪಲಿ ಬಿಡಲಿಲ್ಲ. ಮೊಂಡು ಹುಡುಗಿ ಎಂದು ನಾನೂ ಅಂದುಕೊಂಡಿದ್ದೆ.

ತೇನಿಯಿಂದ ಅವಳ ತಮ್ಮ ರಾಮ್‌ಕುಮಾರ್ ಬಂದ. ಕಂಪ್ಯೂಟರ್ ರಿಪೇರಿಯೇ ಅವನ ಕಸುಬು. ಶೆಡ್ಡಿನಿಂದ ಒಂದು ಫೈಲ್ ಕಳಿಸಿದ, ಅದು ಸರಾಗವಾಗಿ ಓಡಿತು. ಅಷ್ಟರಲ್ಲಿ ದೊಡ್ಡಪ್ಪ, ಶೆಡ್ಡಿನ ಕರೆಂಟಿನಲ್ಲೇ ಓಡುವ, ತೊಟ್ಟಿಗೆ ನೀರೆತ್ತುವ ಮೋಟಾರು ಹಾಕಿದ. ಫೈಲ್ ಕುಂಟತೊಡಗಿತು. ಮೋಟಾರು ನಿಲ್ಲಿಸಿದರೆ ಓಡಿತು, ಹಾಕಿದರೆ ಕುಂಟಿತು. ಅಭಿರಾಮಿ ಎಂದಿನಂತೆ ಕೇಬಲ್ ಬಿಚ್ಚಲು ಕೈ ಚಾಚಿದಳು.

"ಅಕ್ಕಾ, ಮುಟ್ಬೇಡ!"

ಅವನೇ ಕೇಬಲ್ಲಿನ ಪ್ಲಾಸ್ಟಿಕ್ ಹಿಡಿದು ಹುಷಾರಾಗಿ ಬಿಚ್ಚಿದ. ಮೆಷಿನ್ನಿನ ತಗಡಿಗೆ ಟೆಸ್ಟರ್ ಇಟ್ಟ. ಟೆಸ್ಟರಿನೊಳಗಿನ ದೀಪ ಕೆಂಪಗೆ ಹತ್ತಿತು. ರಾಮ್‌ಕುಮಾರ್ ಓಡಿಹೋಗಿ ಮೇನ್ ಆಫ್ ಮಾಡಿದ.

"ಮೋಟಾರು ಕರೆಂಟ್ ಒಸರ್ತಾ ಇದೆ," ಎಂದ. "ಮಣ್ಣಿಗೆ ಹೋಗ್ಬೇಕಾದ್ದು ಈ ಕೇಬಲ್ ಹಿಡ್ಕೊಂಡು ಮನೆ ಕಡೆ ಹೋಗಿದೆ. ಅದ್ರೊಳ್ಗೆ ಬಿಲ್ ಹೆಂಗೆ ಓಡುತ್ತೆ? ಶೆಡ್ಡಿನ ಅರ್ತ್ ತಂತಿ ಎಲ್ಲಿ?"

ಎಲ್ಲರೂ ಶೆಡ್ಡಿನ ಹಿಂದಕ್ಕೆ ಹೋದೆವು. ಗೋಡೆಯಿಂದ ಗೇಣುದ್ದ ತಂತಿ ಚಾಚಿಕೊಂಡಿತ್ತು, ತುದಿಯನ್ನು ಇಕ್ಕಳದಲ್ಲಿ ನೀಟಾಗಿ ಕತ್ತರಿಸಿದ್ದರು. ಅದು ನೆಲಕ್ಕಿಳಿಯಬೇಕಾದ ಕಡೆ ಏನೂ ಇರಲಿಲ್ಲ.

"ಯಾರ್ರೀ ಕಟ್ ಮಾಡಿದ್ದು?" ಎಂದು ರಾಮ್‌ಕುಮಾರ್ ಕೇಳಿದ.

ದೊಡ್ಡಪ್ಪ ಆಚೆಗಿನ ದ್ರಾಕ್ಷಿ ಚಪ್ಪರ ನೋಡುತ್ತಿದ್ದ. ಚಪ್ಪರಕ್ಕೆ ಎಳೆಯುವುದೂ ಅದೇ ಜಾತಿಯ ತಂತಿ.

"ನಾನೇಪ್ಪಾ," ಎಂದ. "ಹೋದ ತಿಂಗ್ಳು ಗಾಳಿಗೆ ದ್ರಾಕ್ಷಿ ಪಂದಲ್ ಸಡಿಲಾಗಿತ್ತು. ಇದು ಒಳ್ಳೇ ತಂತಿ, ಸುಮ್ಮಾ ಮಣ್ಣೊಳ್ಗೆ ಹೋಗಿತ್ತು. ಮಣ್ಣಿಗ್ಯಾಕೆ ತಂತಿ ಅಂದ್ಕೊಂಡೆ."

"ಅಕ್ಕ ದಿನಾ ಆ ಕೇಬಲ್ನ ಬಿಚ್ಚಿ ಹಾಕ್ತಾ ಇದ್ಳು ಮಾಮಾ. ಆ ಒದ್ದೆ ನೆಲ್ದಲ್ಲಿ ಬರಿಗಾಲಾಗಿದ್ರೆ..." ರಾಮ್‌ಕುಮಾರ್ ಅಕ್ಕನ ಕಾಲಿನತ್ತ ನೋಡಿದ.

ಎಲ್ಲರ ಕಣ್ಣೂ ಅಭಿರಾಮಿಯ ಕಾಲಿನ ಮೇಲೆ ಬಿತ್ತು. ಅವಳೂ ಬಗ್ಗಿ ನೋಡಿಕೊಂಡಳು. ಹಿಮ್ಮಡಿ ಸವೆದ ನೀಲಿ ಪಟ್ಟಿಯ ಚಪ್ಪಲಿ.

ಅಂದೇ ಚಪ್ಪರದ ತಂತಿ ಮಣ್ಣಿಗೆ ಮರಳಿತು, ಮೋಟಾರನ್ನು ರಿಪೇರಿಗೆ ಕಳಿಸಿದರು. ಪೆಟ್ಟಿಗಳನ್ನು ವಾಪಸ್ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅಭಿರಾಮಿ ಇನ್ನೂ ಮಂಕಾಗಿದ್ದವಳು ಬರಿಗಾಲಲ್ಲೇ ಅಂಗಳ ದಾಟುತ್ತಿದ್ದಳು. ಹಿಂದಿನಿಂದ ದೊಡ್ಡಪ್ಪ ಓಡಿ ಬಂದ. ಅವನ ಕೈಯಲ್ಲಿದ್ದದ್ದನ್ನು ಕಂಡು ಕೂಲಿಯ ಹೆಂಗಸರೆಲ್ಲ ಬಾಯಿ ಮೇಲೆ ಕೈಯಿಟ್ಟರು. ಮಾವನಾದವನು ಸೊಸೆಯ ಚಪ್ಪಲಿ ಹಿಡಿದು ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿದ್ದಿಲ್ಲ. ಅವನು ಶೆಡ್ಡಿನ ಹೊಸ್ತಿಲಲ್ಲಿ ಬಗ್ಗಿ ಅವಳ ಕಾಲ ಹತ್ತಿರ ಅವನ್ನು ಜೋಡಿಸಿಟ್ಟ.

"ಒಳ್ಗೆ ಹಣ್ಣಿದೆ ಮಾಮಾ," ಎಂದಳು ಅವಳು.

"ಹಣ್ಣು ಬರೋ ವರ್ಷಾನೂ ಬರುತ್ತೆ ತಾಯಿ. ನೀನು ಹಾಕ್ಕೋ."