ನೀಲಿ ಹಾಳೆಯಲ್ಲಿ ಉಳಿದ ಬಾಯಿ

ಚನ್ನಗಿರಿಯ ಹಲ್ಲಿನ ಡಾಕ್ಟರ್ ಅರ್ಪಿತಾ ಅವರ ಬಳಿ ಕೆಲಸಕ್ಕಿದ್ದ ಉಚ್ಚಂಗಮ್ಮನ ದಿನ ಕಳೆಯುತ್ತಿದ್ದುದು ಊರವರ ಬಾಯಿ ಮುಚ್ಚಿಸುವುದರಲ್ಲೇ. ಹಲ್ಲಿನ ಬೇರಿಗೆ ಔಷಧ ತುಂಬುವಾಗ ಎಂಜಲು ತಾಗಬಾರದು. ಅದಕ್ಕೆ ತೆಳ್ಳನೆಯ ರಬ್ಬರ್ ಹಾಳೆಗೆ ತೂತು ಹೊಡೆದು, ಕೆಟ್ಟ ಹಲ್ಲನ್ನಷ್ಟೇ ಹೊರಗೆ ಬಿಟ್ಟು, ಚೌಕಟ್ಟಿಗೆ ಎಳೆದು ಸಿಕ್ಕಿಸಿ ಉಳಿದ ಬಾಯನ್ನೆಲ್ಲ ಮುಚ್ಚುತ್ತಿದ್ದಳು. ಆಮೇಲೆ ಮಾತಿಲ್ಲ. ನೋವಾದರೆ ಎಡಗೈ ಎತ್ತಬೇಕು, ಅಷ್ಟೇ.

ರಬ್ಬರ್ ಹಾಳೆ ಒಗ್ಗದೆ ಕೆಲವರ ತುಟಿ ಊದುತ್ತಿತ್ತು. ಹಾಗಾಗಿ ರಬ್ಬರಲ್ಲದ ನೀಲಿ ಹಾಳೆಯ ಸ್ಯಾಂಪಲ್ ಬಂತು. ಎರಡನ್ನೂ ಹಾಕಿ ನೋಡಲು ಒಂದು ಬಾಯಿ ಬೇಕಿತ್ತು. ಸಂತೇಬೆನ್ನೂರಲ್ಲಿ ಮೆಕ್ಕೆಜೋಳ ಇಳಿಸಿ ಬಂದಿದ್ದ ಅವಳ ಗಂಡ ಪಾಲಣ್ಣ ಕುರ್ಚಿ ಏರಿದ. ಲಗೇಜ್ ಆಟೋ ಓಡಿಸುವವನು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಪೈಕಿ.

“ನಿಮ್ ಬಾಯಿ ಮುಚ್ಚಾಕೆ ಇವತ್ತು ಕಾಲ ಕೂಡಿ ಬಂತು ನೋಡ್ರಿ,” ಎಂದಳು.

ರಬ್ಬರ್ ಹಾಳೆ ಸಲೀಸಾಗಿ ಹಿಗ್ಗಿತು. ನೀಲಿಯದು ಬಿಗಿ, ಎಳೆದೆಳೆದು ಕೂರಿಸಬೇಕಾಯಿತು. ಅದು ಕೂರುತ್ತಿದ್ದಂತೆ ಪಾಲಣ್ಣ ಹಾಳೆಯ ಹಿಂದೆ ಏನೋ ಗೊಣಗಿ ಎಡಗೈ ಎತ್ತಿದ.

“ಮಿಷಿನ್ನು ಮುಟ್ಸೇ ಇಲ್ಲ, ಯಾತರ ನೋವು? ಆಟ ಸಾಕು, ಕೈ ಇಳಿಸ್ರಿ.”

ಡಾಕ್ಟರೂ ನಕ್ಕರು. ಕೈ ಇಳಿಯಿತು. ಹಾಳೆ ತೆಗೆದಾಗ ಅವನ ಹಣೆ ಬೆವೆತಿತ್ತು.

“ಏನ್ ಹೇಳಾಕೆ ಬಂದ್ರಿ?”

“ಮನೇಲಿ ಹೇಳ್ತೀನಿ ಬಿಡೇ,” ಎಂದು ಎದ್ದು ಹೋದ.

ಮನೆ ಮುಟ್ಟಲಿಲ್ಲ. ರಸ್ತೆ ಬದಿಯಲ್ಲಿ ಆಟೋ ನಿಂತಿತ್ತು, ಅವನು ಹ್ಯಾಂಡಲಿನ ಮೇಲೆ ಒರಗಿದ್ದ. ಹೃದಯ ನಿಂತಿದೆ ಎಂದರು.

ಅಂದಿನಿಂದ ಉಚ್ಚಂಗಮ್ಮನನ್ನು ಕೊರೆದದ್ದು ಒಂದೇ. ಆ ಕೈ ಎತ್ತಿದ್ದು ತಮಾಷೆಗೋ, ನಿಜಕ್ಕೋ? ತಮಾಷೆಗೇ ಇರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದಳು.

ತಿಥಿ ಮುಗಿಸಿ ಕೆಲಸಕ್ಕೆ ಬಂದಾಗ ಎರಡೂ ಹಾಳೆ ಕಿಟಕಿಗೆ ನೇತಾಡುತ್ತಿದ್ದವು. ಹಿಗ್ಗಿದ್ದು ಮೊದಲಿನಂತಾಗುತ್ತದೋ ಇಲ್ಲವೋ ನೋಡಲೆಂದು ಡಾಕ್ಟರೇ ಅಂದು ತೂಗುಹಾಕಿಸಿದ್ದರು. ರಬ್ಬರ್ ಹಾಳೆ ಏನೂ ಆಗದಂತೆ ಸಪಾಟಾಗಿತ್ತು. ನೀಲಿಯದರಲ್ಲಿ ಪಾಲಣ್ಣನ ಬಾಯಿ ಹಾಗೇ ಇತ್ತು, ಅರ್ಧ ತೆರೆದು.

“ಜೋತು ಬಿದ್ದೈತೆ, ಇದು ನಮಗಾಗಲ್ಲ. ಬಿಸಾಕಿ ಉಚ್ಚಂಗಮ್ಮ,” ಎಂದರು ಡಾಕ್ಟರ್, ಅವಳ ಮುಖ ನೋಡದೆ.

ಅವರು ಊಟಕ್ಕೆ ಹೋದರು. ನೀಲಿ ಹಾಳೆ ಒಳಕ್ಕೊಮ್ಮೆ ಹೊರಕ್ಕೊಮ್ಮೆ ಆಡುತ್ತಿತ್ತು. ಗಾಳಿಯಿರಬೇಕೆಂದು ಉಚ್ಚಂಗಮ್ಮ ಕಿಟಕಿ ಹಾಕಿದಳು, ಫ್ಯಾನ್ ಆರಿಸಿದಳು. ಆದರೂ ಆಡಿತು. ಅವಳಿಗೆ ಭಯವಾಯಿತು. ಆದರೆ ಭಯಕ್ಕಿಂತ ಹೆಚ್ಚಾಗಿ, ಅವನು ಹಾಳೆಯ ಹಿಂದೆ ಗೊಣಗಿದ ಆ ಮಾತು ಬೇಕಿತ್ತು.

ಬಾಗಿಲು ಹಾಕಿ, ಕನ್ನಡಿಯ ಮುಂದೆ ಕೂತು ಹಾಳೆಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಅದರ ತಗ್ಗಿಗೆ ತುಟಿ ಹೊಂದಿಸಿ ತನ್ನ ಹೆಸರು ಹೇಳಿ ನೋಡಿದಳು. ತುಟಿ ಆ ಅಚ್ಚಿಗೆ ಕೂರಲಿಲ್ಲ. ‘ಸಾಕು’ ಎಂದಳು. ಅದೂ ಕೂರಲಿಲ್ಲ.

‘ಎದೆ’ ಎಂದಳು.

ಹಾಳೆ ತುಟಿಗೆ ತುಟಿಯಾಗಿ ಕೂತಿತು. ಎಳೆದರೆ ಬರಲಿಲ್ಲ. ಉಸಿರು ಕಟ್ಟಿತು, ಬೆವರು ಕಿತ್ತಿತು. ಕನ್ನಡಿಯಲ್ಲಿ ಅವಳ ಎಡಗೈ ತಾನಾಗಿ ಮೇಲೆದ್ದಿತು. ಇಳಿಸ್ರಿ ಎನ್ನಲು ಕೂಡ ಅಲ್ಲಿ ಯಾರೂ ಇರಲಿಲ್ಲ.