ಮೊಮ್ಮಗಳ ಕಾಗದಕ್ಕೆ ನಾನು ಕಟ್ಟಿದ ಬೆಲೆ

ಈ ಕರಿಹಲಗೆಗೆ ತಿ. ನರಸೀಪುರದ ಅಂಗಡಿಯವನು ಹೇಳಿದ್ದು ಒಂಬೈನೂರು, ನಾನು ಕೊಟ್ಟದ್ದು ಆರುನೂರು. ಕೊಸರಿಗೆ ಒಂದು ಡಬ್ಬಿ ಬಣ್ಣದ ಬಳಪ. ನಾಲ್ಕೂವರೆ ವರ್ಷದ ಮೊಮ್ಮಗಳು ಸಿಂಚನ ಮತ್ತೆ ಬರೆಯಲಿ ಎಂದು ತಂದದ್ದು. ಅವಳು ಬರೆಯುವುದನ್ನು ಬಿಟ್ಟದ್ದು ನನ್ನ ಬಾಯಿಂದ.

ನಂಜನಗೂಡಿನಲ್ಲಿ ನನ್ನದು ಬಾಳೆಕಾಯಿ ವ್ಯಾಪಾರ. ಹೆಡತಲೆ, ದೇವನೂರು ಕಡೆ ತೋಟಕ್ಕೆ ಹೋದರೆ ಗೊನೆ ಎಷ್ಟೇ ಚೆನ್ನಾಗಿರಲಿ, ಮೊದಲು ಒಂದು ಹುಳುಕು ತೆಗೆಯಬೇಕು. ಹೊಗಳಿದರೆ ರೇಟು ಏರುತ್ತದೆ. ಈ ವಿದ್ಯೆಯಿಂದಲೇ ಮನೆ ಕಟ್ಟಿದವನು ನಾನು. ಬೀಗರ ಮನೆಯ ಪಾಯಸವನ್ನೂ ಒಮ್ಮೆ ‘ಸುಮಾರು’ ಎಂದುಬಿಟ್ಟದ್ದಕ್ಕೆ ಹೆಂಡತಿ ವಾರವಿಡೀ ನನ್ನೊಡನೆ ಮಾತು ಬಿಟ್ಟಿದ್ದಳು.

ಹೆಂಡತಿ ತನ್ನ ಅಕ್ಕನ ಮಂಡಿ ಆಪರೇಷನ್ ಎಂದು ನರಸೀಪುರಕ್ಕೆ ಹೋಗಿದ್ದಾಗ ಸಿಂಚನ ಅಜ್ಜಿಗೊಂದು ಕಾಗದ ಬರೆದಳು. ಹಾಳೆ ತುಂಬ ಅಲೆಅಲೆಯಾದ ಗೆರೆ. ನೋಡು ತಾತ ಎಂದು ಮುಖಕ್ಕೆ ಹಿಡಿದಳು. ನಾನು ಫೋನಿನಲ್ಲಿ ಯಾರದೋ ತೋಟದ ರೇಟು ಇಳಿಸುತ್ತಿದ್ದೆ. ಅದೇ ದನಿಯಲ್ಲಿ, “ಏನವ್ವ ಇದು, ಕೋಳಿ ಕೆರೆದಂಗದೆ. ಒಂದಕ್ಷರನಾದ್ರೂ ನೆಟ್ಟಗದಾ?” ಎಂದೆ.

ಅವಳು ಅಳಲಿಲ್ಲ. ಹಾಳೆ ಮಡಿಸಿಕೊಂಡು ಒಳಗೆ ಹೋದಳು. ರೈತನಾಗಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದ.

ತಿಂಗಳಾದ ಮೇಲೆ ಅಂಗನವಾಡಿ ಟೀಚರು ಕರೆಸಿದರು. ಮಗು ಬಳಪವನ್ನೇ ಮುಟ್ಟುತ್ತಿಲ್ಲವಂತೆ. ಕಡತ ಬಿಚ್ಚಿ ಅವಳ ಹಾಳೆಗಳನ್ನು ತಾರೀಖಿನ ಪ್ರಕಾರ ನನ್ನ ಮುಂದೆ ಹರಡಿದರು. ಮೊದಲಿನದು ಬರೀ ಸುತ್ತು. ಆಮೇಲೆ ಗೆರೆ ಎಡದಿಂದ ಹೊರಟು, ಬಲದ ಅಂಚು ಮುಟ್ಟಿ, ಕೆಳಗೆ ಹೊಸ ಸಾಲು ಹಿಡಿದಿತ್ತು. ಕೊನೆಯದರಲ್ಲಿ ಅವಳ ಹೆಸರಿನ ಮೊದಲಕ್ಷರದಂಥದೊಂದು ಬಳುಕು. ಪ್ರತಿ ಹಾಳೆಯ ಹಿಂದೆ ಅವಳು ಓದಿ ಹೇಳಿದ್ದನ್ನು ಟೀಚರು ಬರೆದಿಟ್ಟಿದ್ದರು. ಒಂದರಲ್ಲಿ, ಕರು ಹಾಲು ಕುಡಿಯಿತು ಎಂದಿತ್ತು.

“ಚಂದ ಆಮೇಲೆ ನೋಡೋದು ಸಾ. ಮೊದ್ಲು ಏನ್ ಬರ್ದಿದ್ದೀಯ ಅಂತ ಮಗೂನೇ ಕೇಳ್ಬೇಕು,” ಎಂದರು.

ಗೊನೆ ನೋಡಿ ಇನ್ನೆಷ್ಟು ದಿನಕ್ಕೆ ಬಲಿಯುತ್ತದೆಂದು ಹೇಳುವ ಈ ಕಣ್ಣಿಗೆ ಮಗುವಿನ ಗೆರೆ ಬಲಿಯುತ್ತಿದ್ದದ್ದು ಕಾಣಲಿಲ್ಲ ನೋಡಿ. ತಾಲ್ಲೂಕು ಕಚೇರಿ ಎದುರಿನ ಪತ್ರ ಬರಹಗಾರರ ಕೈಬರಹ ಮರುದಿನ ಅವರಿಗೇ ಓದಲು ಬಾರದು. ಅದಕ್ಕೆ ಕೇಳಿದಷ್ಟು ಕೊಟ್ಟು, ಕೈಮುಗಿದೂ ಬಂದಿದ್ದೇನೆ.

ಹಲಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಬರಿ ಕಂದ ಎಂದೆ. ನೀನೇ ಬರಿ ಎಂದಳು. ಬರೆದೆ. ಸೊಂಟದ ಮೇಲೆ ಕೈಯಿಟ್ಟು ನೋಡಿ, “ಸುಮಾರಾಗದೆ ತಾತ,” ಎಂದಳು. ಅಕ್ಕನ ಮನೆಯಿಂದ ಮರಳಿದ್ದ ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಆವತ್ತು ಅಜ್ಜಿಗೆ ಏನು ಬರೆದಿದ್ದೆ ಎಂದು ಕೇಳಿದೆ. ಬ್ಯಾಗಿನಿಂದ ಆ ಹಾಳೆ ತೆಗೆದು, ಅತ್ತಿತ್ತ ತಿರುಗಿಸಿ, ಬಹಳ ಹೊತ್ತು ನೋಡಿದಳು.

“ಮರ್ತೋಯ್ತು.”

ಅದಕ್ಕೇ ಹೇಳುತ್ತೇನೆ, ಮಗು ಹಾಳೆ ತಂದರೆ ಫೋನು ಕೆಳಗಿಡಿ. ಓದವ್ವ, ಕೇಳ್ತೀನಿ ಅನ್ನಿ. ಅದು ಹೇಳಿದ್ದನ್ನು ಹೇಳಿದ ಹಾಗೇ ಹಿಂದೆ ಬರೆದು ತಾರೀಖು ಹಾಕಿ. ಆ ಗಳಿಗೆಯಲ್ಲೇ ಕೇಳಿ. ಗೆರೆ ಹಾಳೆಯ ಮೇಲೆ ಉಳಿದರೂ ಮಾತು ನಿಮಗಾಗಿ ಕಾದು ಕೂರುವುದಿಲ್ಲ.